ಮೊಳದ ಲೆಕ್ಕ, ಶಾಲೆಯ ಲೆಕ್ಕ

ಮಹಾನವಮಿ, ದೀಪಾವಳಿ ಹತ್ತಿರ ಬಂತೆಂದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಪೇಟೆಗಳಲ್ಲಿ ಹೂವಿನ ರಾಶಿ ಬೀಳುತ್ತದೆ. ಚೆಂಡು ಹೂ, ಸೇವಂತಿಗೆಗಳ ನಡುವೆ ಹಿರಿಯರ ಪಕ್ಕ ಕುಳಿತು ಹೂ ಕಟ್ಟುವ, ಮಾರುವ ಮಕ್ಕಳೂ ಕಾಣಸಿಗುತ್ತಾರೆ. ಈ ಮಕ್ಕಳು ಕಲಿಯುವುದೇನು? ಕಳೆದುಕೊಳ್ಳುವುದೇನು? ಪ್ರಶ್ನೆ ಸಣ್ಣದೆನಿಸಿದರೂ ಅದರ ಹಿಂದೆ ದೊಡ್ಡ ಇತಿಹಾಸವಿದೆ.

ಹೂ ಕಟ್ಟುವುದು ನಮ್ಮಲ್ಲಿ ಬಹು ಹಳೆಯ ಕಸುಬು. ದೇವರ ಪೂಜೆಗೆಂದು ಹೂದೋಟ ಬಿಟ್ಟುಕೊಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ‘ಪೂದೋಂಟ’ ಎಂಬುದು ಶಾಸನ ಓದುವವರಿಗೆ ಚಿರಪರಿಚಿತ ಪದ. ಉತ್ತರ ಕರ್ನಾಟಕದಲ್ಲಿ ಗುಡಿಗೂ ಮನೆಗಳಿಗೂ ಹೂ-ಪತ್ರಿ ಮುಟ್ಟಿಸುವ ಕಾಯಕ ಹೂಗಾರ ಸಮುದಾಯದ್ದು. ಶಿವಶರಣ ಹೂಗಾರ ಮಾದಯ್ಯನನ್ನು ಆ ಸಮುದಾಯ ತನ್ನ ಹಿರಿಯನೆಂದು ನೆನೆಯುತ್ತದೆ. ಈ ಕಸುಬಿಗೆ ಪುಸ್ತಕವಿರಲಿಲ್ಲ. ಅವ್ವನ ಬೆರಳು ನೋಡಿ ಮಗಳು ಕಲಿತಳು, ಅಷ್ಟೆ.

ಕಲಿತದ್ದು ಕಡಿಮೆಯೇನಲ್ಲ. ಮೊದಲ ಪಾಠ ಅಳತೆಯದು. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದು, ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಯಾಯಿತು. ಬಟ್ಟೆ ಮೀಟರಿಗೆ ತಿರುಗಿತು, ಧಾನ್ಯ ಕಿಲೋಗೆ ತಿರುಗಿತು. ಕಟ್ಟಿದ ಹೂ ಮಾತ್ರ ಇಂದಿಗೂ ಮೊಳ, ಮಾರುಗಳಲ್ಲೇ ಇದೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಎರಡೂ ಕೈ ಚಾಚಿದರೆ ಒಂದು ಮಾರು, ಅಂದರೆ ನಾಲ್ಕು ಮೊಳ. ಆದರೆ ಯಾರ ಮೊಳ? ‘ನಿನ್ನ ಮೊಳ ಸಣ್ಣದೈತಿ ತಂಗಿ, ನಿಮ್ಮವ್ವನ ಮೊಳದಾಗ ಕೊಡು’ ಎಂದು ತಕರಾರು ತೆಗೆಯುವ ಗಿರಾಕಿಗಳುಂಟು. ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕು ಎಂಬ ತತ್ವ ಹುಡುಗಿಗೆ ಅಲ್ಲಿಯೇ ತಿಳಿಯುತ್ತದೆ. ಹಿಂದೆ ಭೂಮಿ ಅಳೆಯುವಾಗಲೂ ಇದೇ ತಕರಾರು ಇದ್ದೀತು. ಊರಿಗೊಂದು ಕೋಲು ಗೊತ್ತುಮಾಡಿ ಅದರ ಉದ್ದವನ್ನು ಗುಡಿಯ ಕಲ್ಲಿನ ಮೇಲೆ ಗುರುತಿಸಿಟ್ಟ ಉದಾಹರಣೆಗಳಿವೆ.

ಎರಡನೆಯದು ಎಣಿಕೆ. ನೆನೆಸಿದ ಬಾಳೆನಾರಿನ ಮೇಲೆ ಈ ಕಡೆ ಎರಡು, ಆ ಕಡೆ ಎರಡು ಹೂ ಇಟ್ಟು ಗಂಟು ಬಿಗಿಯುವಾಗ ನಾಲ್ಕರ ಮಗ್ಗಿ ಬೆರಳಿಗೇ ಬರುತ್ತದೆ. ಬಿಗಿ ಹೆಚ್ಚಾದರೆ ತೊಟ್ಟು ಕಡಿಯುತ್ತದೆ, ಕಡಿಮೆಯಾದರೆ ಹೂ ಜಾರುತ್ತದೆ.

ಮೂರನೆಯದು ಕಾಲದ ಬೆಲೆ. ಬ್ಯಾಡಗಿಯ ಮೆಣಸಿನಕಾಯಿಯನ್ನು ಶೈತ್ಯಾಗಾರದಲ್ಲಿಟ್ಟು ಒಳ್ಳೆಯ ಧಾರಣೆಗೆ ಕಾಯಬಹುದು. ಹಾವೇರಿಯ ಹೆಸರಾಂತ ಏಲಕ್ಕಿ ಮಾಲೆಯನ್ನು ವರ್ಷಗಟ್ಟಲೆ ಗೋಡೆಗೆ ತೂಗುಹಾಕಬಹುದು. ಹೂವಿಗೆ ಆ ಸೌಭಾಗ್ಯವಿಲ್ಲ. ಬೆಳಿಗ್ಗೆಯ ಬೆಲೆ ಸಂಜೆಗಿಲ್ಲ. ಹಬ್ಬದ ಮಾರನೆಯ ದಿನವಂತೂ ಕೇಳುವವರೇ ಇಲ್ಲ. ಎಷ್ಟು ಕಟ್ಟಬೇಕು, ಯಾವಾಗ ದರ ಇಳಿಸಬೇಕು, ಯಾರಿಗೆ ಉದ್ರಿ ಕೊಡಬಾರದು ಎಂಬುದನ್ನು ಮಗು ಇಲ್ಲಿ ಬೇಗ ಅರಿಯುತ್ತದೆ.

ಇಷ್ಟೆಲ್ಲ ಕಲಿಸುವ ಪೇಟೆ ಕಲಿಸದೇ ಬಿಡುವ ಸಂಗತಿಗಳೂ ಇವೆ. ದೀಪಾವಳಿಗೆ ಇಲ್ಲದೇ ಆಗದ ಚೆಂಡು ಹೂ, ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಮೂಲದವು; ಕೊಲಂಬಸ್ ಅಲ್ಲಿಗೆ ಹೋಗಿಬಂದ ನಂತರವೇ ಭಾರತಕ್ಕೆ ಬಂದಂಥವು. ಅಂದರೆ 12ನೇ ಶತಮಾನದ ಹೂಗಾರನ ಬುಟ್ಟಿಯಲ್ಲಿ ಚೆಂಡು ಹೂವಿರಲಿಲ್ಲ! ಇದನ್ನು ಹೇಳಲು ಶಾಲೆಯೇ ಬೇಕು.

ಹೂವಿನ ಕೆಲಸಕ್ಕೆ ಇನ್ನೊಂದು ಮುಖವೂ ಇದೆ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿಯನ್ನು ರೂಪಿಸಿದರು. ರಾಣೇಬೆನ್ನೂರಿನ ಸುತ್ತಮುತ್ತ ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಉದ್ಯೋಗವಾಗಿ ಬೆಳೆಯಿತು. ಹತ್ತಿಯ ಮೊಗ್ಗಿನ ಕೇಸರಗಳನ್ನು ಸಂಜೆ ಬಿಡಿಸಿ, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗವನ್ನು ಕೈಯಿಂದಲೇ ಸವರಬೇಕು. ಈ ನಾಜೂಕು ಕೆಲಸಕ್ಕೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹತ್ತಿ ಬೀಜದ ಹೊಲಗಳಲ್ಲಿ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಕೂಲಿಗೆ ಹಚ್ಚಿದ್ದನ್ನು ಅಧ್ಯಯನಗಳು ದಾಖಲಿಸಿವೆ. ಅಲ್ಲಿಯೂ ಕೈಯಲ್ಲಿ ಹೂವೇ. ಆದರೆ ಎರಡನೆಯ ದಿನದಿಂದಾಚೆಗೆ ಕಲಿಯುವುದೇನೂ ಉಳಿಯುವುದಿಲ್ಲ. ಉಳಿಯುವುದು ದುಡಿತ ಮತ್ತು ತಪ್ಪಿದ ಶಾಲೆ.

ಕಲಿಕೆಗೂ ದುಡಿತಕ್ಕೂ ನಡುವಿನ ಗೆರೆ ಎಲ್ಲಿದೆ? 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ‘ನಯೀ ತಾಲೀಮ್’ ಕಸುಬಿನ ಮೂಲಕವೇ ಗಣಿತ, ವಿಜ್ಞಾನ, ಇತಿಹಾಸ ಕಲಿಸಬೇಕೆಂದಿತು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಾದ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದೆ. ಅಪಾಯವಿಲ್ಲದ ಮನೆತನದ ಕಸುಬಿನಲ್ಲಿ ಶಾಲೆಯ ಸಮಯದ ಹೊರಗೆ ಅಥವಾ ರಜೆಯಲ್ಲಿ ನೆರವಾಗಲು ಅವಕಾಶ ಬಿಟ್ಟಿದೆ.

ಹಾಗಾದರೆ ಪೇಟೆಯಲ್ಲಿ ಪಳಗಿದ ಮಗು ಶಾಲೆಯ ಗಣಿತದಲ್ಲಿಯೂ ಮುಂದಿರಬೇಕಲ್ಲವೆ? ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತೆರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳ ಮಕ್ಕಳ ಮೇಲೆ ನಡೆಸಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವ್ಯಾಪಾರದ ತೊಡಕಿನ ಲೆಕ್ಕವನ್ನು ಬಾಯಲ್ಲೇ ಬಿಡಿಸುವ ಮಕ್ಕಳು ಪಠ್ಯದ ರೂಪದ ಲೆಕ್ಕದಲ್ಲಿ ಎಡವಿದರು. ಶಾಲೆಗಷ್ಟೇ ಹೋಗುವ ಮಕ್ಕಳು ಪೇಟೆಯ ಲೆಕ್ಕದಲ್ಲಿ ಎಡವಿದರು. ಒಂದು ಕಲಿಕೆ ತಾನಾಗಿ ಇನ್ನೊಂದಕ್ಕೆ ದಾಟುವುದಿಲ್ಲ.

ಆದ್ದರಿಂದ ‘ಮಕ್ಕಳು ಹೂ ಮಾರುತ್ತಲೇ ಎಲ್ಲವನ್ನೂ ಕಲಿಯುತ್ತಾರೆ’ ಎನ್ನುವುದು ಪೂರ್ಣ ಸತ್ಯವಲ್ಲ. ‘ಏನೂ ಕಲಿಯುವುದಿಲ್ಲ’ ಎನ್ನುವುದೂ ಸತ್ಯವಲ್ಲ. ಮಗುವನ್ನು ಶಾಲೆಯಿಂದ ಪೇಟೆಗೆ ಎಳೆಯಬೇಕಿಲ್ಲ, ಪೇಟೆಯ ಲೆಕ್ಕವನ್ನು ಶಾಲೆಯೊಳಕ್ಕೆ ಕರೆದರಾಯಿತು. ಒಂದು ಮಾರು ಹೂ ತರಗತಿಗೆ ಬರಲಿ. ಅದರಲ್ಲಿ ಗಂಟುಗಳೆಷ್ಟು, ಸೆಂಟಿಮೀಟರಿನಲ್ಲಿ ಅದರ ಉದ್ದವೆಷ್ಟು, ಚೆಂಡು ಹೂ ಯಾವ ಸಮುದ್ರ ದಾಟಿ ಬಂತು ಎಂದು ಗುರುಗಳು ಕೇಳಲಿ. ಆ ದಿನವಾದರೂ ಹೂಗಾರರ ಮನೆಯ ಹುಡುಗಿ ಎಲ್ಲರಿಗಿಂತ ಮೊದಲು ಕೈ ಎತ್ತಿಯಾಳು.