ದ್ರಾಕ್ಷಿಯ ಗುಡ್ಡದಿಂದ ಉಪ್ಪಿನ ಕಡಲಿಗೆ

ಪ್ರವಾಸಕ್ಕೆ ಹೊರಡುವವರು ನಕ್ಷೆಯನ್ನು ಬಿಡಿಸಿ ಮೊದಲು ಊರುಗಳನ್ನು ನೋಡುತ್ತಾರೆ, ಆಮೇಲೆ ದೂರವನ್ನು ಲೆಕ್ಕ ಹಾಕುತ್ತಾರೆ. ಈ ದಾರಿಯನ್ನು ಯಾರು ಕಡಿದರು, ಏತಕ್ಕಾಗಿ ಕಡಿದರು ಎಂದು ಕೇಳುವವರು ವಿರಳ. ವಾಚಕ ಮಹಾಶಯರೇ, ಇಟಲಿಯ ಪೀಡ್‌ಮಾಂಟ್ ಪ್ರಾಂತದ ದ್ರಾಕ್ಷಿತೋಟಗಳಿಂದ ಹೊರಟು, ಆಲ್ಪ್ಸ್ ಪರ್ವತವನ್ನು ದಾಟಿ, ಫ್ರಾನ್ಸಿನ ನೀಸ್ ನಗರದ ಕಡಲ ದಂಡೆಯನ್ನು ಮುಟ್ಟುವ ಹಾದಿಯೊಂದುಂಟು. ಅದನ್ನು ಕುರಿತು ಹೇಳುವಾಗ ಆ ಪ್ರಶ್ನೆಯಿಂದಲೇ ತೊಡಗುವುದು ಲೇಸು. ಏಕೆಂದರೆ ಈ ಹಾದಿ ಬೆಳೆದದ್ದು ವಿಹಾರಕ್ಕಾಗಿ ಅಲ್ಲ, ಉಪ್ಪಿಗಾಗಿ.

ನೀವು ಹೊರಡಬೇಕಾದದ್ದು ಆಲ್ಬಾ ಪಟ್ಟಣದ ಸುತ್ತಲಿನ ಲಾಂಗೆ ಗುಡ್ಡಗಳಿಂದ. ಬರೋಲೋ ಮೊದಲಾದ ಹಳ್ಳಿಗಳ ಇಳಿಜಾರಿನಲ್ಲಿ ನೆಬ್ಬಿಯೋಲೋ ಎಂಬ ಕಪ್ಪು ದ್ರಾಕ್ಷಿಯ ಸಾಲುಗಳು ಬಾಚಿದ ತಲೆಯಂತೆ ಒಪ್ಪವಾಗಿ ಕಾಣುತ್ತವೆ. ‘ನೆಬ್ಬಿಯ’ ಎಂದರೆ ಆ ಭಾಷೆಯಲ್ಲಿ ಮಂಜು. ಮಂಜು ಕವಿಯುವ ಕಾಲಕ್ಕೆ ಮಾಗುವುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. 2014ರಲ್ಲಿ ಯುನೆಸ್ಕೋ ಸಂಸ್ಥೆಯು ಈ ತೋಟಗಳ ನೆಲವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿನ ಗ್ರಿನ್ಜಾನೆ ಎಂಬ ಹಳ್ಳಿಗೆ 1832ರಿಂದ 1849ರವರೆಗೆ ಮೇಯರಾಗಿದ್ದವನು ಕಾವೂರ್. ಈ ಹೆಸರನ್ನು ನೆನಪಿಡಿ, ಗಡಿಯ ಮಾತು ಬಂದಾಗ ಬೇಕಾಗುತ್ತದೆ.

ಕಡಲು ಕಾಣದ ಈ ಗುಡ್ಡಗಾಡಿನ ಹೆಸರಾಂತ ಅಡುಗೆ ‘ಬಾಞ ಕೌದಾ’. ಉಪ್ಪಿನಲ್ಲಿಟ್ಟ ಅಂಚೋವಿ ಎಂಬ ಪುಟ್ಟ ಕಡಲಮೀನು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಇವನ್ನು ಕಾಯಿಸಿ, ಆ ಬಿಸಿಯಲ್ಲೇ ತರಕಾರಿಗಳನ್ನು ಅದ್ದಿ ತಿನ್ನುತ್ತಾರೆ. ಮೀನೂ ಎಣ್ಣೆಯೂ ಉಪ್ಪೂ ಬೆಟ್ಟ ಹತ್ತಿ ಬಂದವು. ಇತಿಹಾಸವು ಶಾಸನಗಳಲ್ಲಿ ಉಳಿಯುವಂತೆ ಊಟದ ತಟ್ಟೆಯಲ್ಲಿಯೂ ಉಳಿಯುತ್ತದೆ.

ಸವಾಯ್ ಮನೆತನದ ಅರಸರು ಮೂಲತಃ ಬೆಟ್ಟದ ಒಡೆಯರು. 1388ರಲ್ಲಿ ನೀಸ್ ಅವರ ಆಶ್ರಯಕ್ಕೆ ಬಂದಾಗ ಅವರಿಗೆ ಕಡಲು ದೊರೆಯಿತು. ತೀರದ ಉಪ್ಪನ್ನು ಹೇಸರಗತ್ತೆಗಳ ಮೇಲೆ ಹೇರಿ ಪರ್ವತದಾಚೆಗೆ ಒಯ್ಯುವುದು ಸಾಧ್ಯವಾಯಿತು. ಉಪ್ಪಿಲ್ಲದೆ ಮಾಂಸ ನಿಲ್ಲದು, ಗಿಣ್ಣು ಕೆಡುತ್ತದೆ, ದನಕರು ಬಡವಾಗುತ್ತವೆ. ಉಪ್ಪಿನ ಮೇಲಿನ ತೆರಿಗೆಯಂತೂ ಅರಸನ ಬೊಕ್ಕಸಕ್ಕೆ ಆಧಾರ. 1563ರಲ್ಲಿ ರಾಜಧಾನಿ ತುರಿನ್ ನಗರಕ್ಕೆ ಬಂದ ಮೇಲೆ ಈ ಹಾದಿಯ ಬೆಲೆ ಇನ್ನೂ ಹೆಚ್ಚಿತು. ಆ ಶತಮಾನದ ಕೊನೆಯ ಭಾಗದಲ್ಲಿ ನಡುವಿನ ತೆಂದಾ ಸೀಮೆಯೂ ಕೈಸೇರಿತು, ರೋಯಾ ನದಿಯ ಕಮರಿಯಲ್ಲಿ ಬಂಡೆ ಕಡಿದು ದಾರಿಯನ್ನು ಅಗಲಿಸಿದರು. ಗಾಡಿಗಳು ಓಡುವಂತಾದದ್ದು 18ನೆಯ ಶತಮಾನದ ಕೊನೆಗೆ.

ಆ ಕಾಲಕ್ಕೆ ಸರಿಯಾಗಿ, 1787ರ ಏಪ್ರಿಲ್‌ನಲ್ಲಿ, ಪ್ಯಾರಿಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ನೀಸ್‌ನಿಂದ ಹೊರಟು ಈ ಘಟ್ಟವನ್ನು ಹತ್ತಿದನು. ಪೀಡ್‌ಮಾಂಟಿನ ಅಕ್ಕಿ ಏಕೆ ಅಷ್ಟು ಚೆನ್ನಾಗಿದೆ ಎಂದು ತಿಳಿಯುವುದು ಅವನ ಉದ್ದೇಶಗಳಲ್ಲಿ ಒಂದು. ಆ ಬತ್ತವನ್ನು ನಾಡಿನಿಂದ ಹೊರಗೆ ಒಯ್ಯುವುದು ಮರಣದಂಡನೆಯ ಅಪರಾಧ; ರಾಯಭಾರಿಯು ಕೋಟಿನ ಜೇಬುಗಳಲ್ಲಿ ತುಂಬಿಕೊಂಡೇ ಹೋದನು! ಆದರೆ ನಮಗೆ ಬೇಕಾದದ್ದು ಅವನು ದಾರಿಯಲ್ಲಿ ನೋಡಿದ ರೀತಿ. ಆಲಿವ್ ಮರ ಎಲ್ಲಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಮತ್ತೆಲ್ಲಿ ತಲೆದೋರುತ್ತದೆ ಎಂದು ಅವನು ಗುರುತು ಹಾಕಿಕೊಂಡನು. ಕಿತ್ತಳೆ, ಆಲಿವ್, ದಾಳಿಂಬೆ, ಅಂಜೂರ ಮುಂತಾದ ಗಿಡಗಳಲ್ಲಿ ಯಾವುದು ಚಳಿಗೆ ಮೊದಲು ಸೋಲುತ್ತದೆಂದು ಒಂದು ಸರಣಿಯನ್ನೇ ಬರೆದಿಟ್ಟನು. ಉಷ್ಣಮಾಪಕವಿಲ್ಲದೆ ಹವೆಯನ್ನು ಅಳೆಯುವ ಈ ಉಪಾಯವನ್ನು ನೀವೂ ಅನುಸರಿಸಬಹುದು. ಸಾವೊರ್ಜ್ ಊರಿನ ಬಳಿ ಬಂಡೆ ಸೀಳಿ ಮಾಡಿದ ರಸ್ತೆಯನ್ನು ಕಂಡು ಬೆರಗಾಗಿ, ಇದಕ್ಕೆ ತಗುಲಿದ ವೆಚ್ಚ ಒಂದು ವರ್ಷದ ಯುದ್ಧದ ವೆಚ್ಚಕ್ಕಿಂತ ಕಡಿಮೆಯೆಂಬ ಅರ್ಥದ ಮಾತನ್ನೂ ಅವನು ಬರೆದನು. ಇದು ಎಲ್ಲ ಸರಕಾರಗಳೂ ಗೋಡೆಗೆ ತೂಗುಹಾಕಿಕೊಳ್ಳಬೇಕಾದ ಲೆಕ್ಕ.

ಇನ್ನು ಗಡಿಯ ಮಾತು. ಇಟಲಿಯನ್ನು ಒಂದುಗೂಡಿಸಲು ಫ್ರಾನ್ಸಿನ ನೆರವು ಬೇಕಾಗಿತ್ತು. ಅದರ ಬೆಲೆಯಾಗಿ ನಮ್ಮ ಹಳ್ಳಿಯ ಮೇಯರ್ ಕಾವೂರ್, ಈಗ ಪ್ರಧಾನಮಂತ್ರಿಯಾಗಿದ್ದವನು, 1860ರ ಒಪ್ಪಂದದಲ್ಲಿ ನೀಸ್ ಸೀಮೆಯನ್ನೂ ಸವಾಯ್ ಸೀಮೆಯನ್ನೂ ಬಿಟ್ಟುಕೊಟ್ಟನು. ನೀಸ್‌ನಲ್ಲಿಯೇ 1807ರಲ್ಲಿ ಹುಟ್ಟಿದ ಗ್ಯಾರಿಬಾಲ್ಡಿ ಸಂಸತ್ತಿನಲ್ಲಿ ಪ್ರತಿಭಟಿಸಿದನು. ಯಾವ ಇಟಲಿಗಾಗಿ ಹೋರಾಡಿದನೋ ಆ ಇಟಲಿಗೆ ತನ್ನ ಹುಟ್ಟೂರೇ ಹೊರಗಾಯಿತು. ತೆಂದಾ ಮತ್ತು ಲಾ ಬ್ರೀಗ್ ಮಾತ್ರ ಇಟಲಿಯಲ್ಲೇ ಉಳಿದವು. ದೊರೆ ಎರಡನೆಯ ವಿಕ್ಟರ್ ಇಮ್ಯಾನುಯೆಲನ ಬೇಟೆಯ ಕಾಡುಗಳು ಅಲ್ಲಿದ್ದುದೇ ಕಾರಣವೆಂದು ಹೇಳುತ್ತಾರೆ. ಎರಡನೆಯ ಮಹಾಯುದ್ಧದ ನಂತರ, 1947ರ ಶಾಂತಿಸಂಧಿಯಂತೆ, ಆ ಊರುಗಳೂ ಫ್ರಾನ್ಸಿಗೆ ಸೇರಿದವು. ಅದೇ ಅಕ್ಟೋಬರಿನಲ್ಲಿ ಜನಮತ ತೆಗೆದುಕೊಂಡಾಗ ಬಹುಮಂದಿ ಒಪ್ಪಿದರು. ಆ ವರ್ಷ ತೆಂದಾದ ಮಕ್ಕಳು ರಜೆಗೆ ಹೋಗುವಾಗ ಒಂದು ಭಾಷೆ, ಮರಳಿ ಬಂದಾಗ ಇನ್ನೊಂದು. ಮೇಷ್ಟರ ಕೆಲಸ ಮಾಡುವ ನನಗೆ ಸಂಧಿಯ ವಿಧಿಗಳಿಗಿಂತ ಆ ತರಗತಿಯೇ ಕಣ್ಣಮುಂದೆ ಬರುತ್ತದೆ.

ಆಲ್ಬಾದಿಂದ ಕೂನಿಯೊ, ಲಿಮೋನೆ ಊರುಗಳನ್ನು ಹಾದು ಘಟ್ಟದ ಬುಡಕ್ಕೆ ಬರುತ್ತೀರಿ. ಕಣಿವೆಬಾಯಿಯ ಎತ್ತರ ಸುಮಾರು 1,870 ಮೀಟರು. ಅದನ್ನು ಹತ್ತುವ ಕಷ್ಟ ತಪ್ಪಿಸಲು 1882ರಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕಿದ ಸುರಂಗವನ್ನು ತೆರೆದರು. 2020ರ ಅಕ್ಟೋಬರ್ 2ರಂದು ಅಲೆಕ್ಸ್ ಎಂಬ ಬಿರುಗಾಳಿಯ ಮಳೆಗೆ ರೋಯಾ ಉಕ್ಕಿ, ಸೇತುವೆಗಳನ್ನೂ ಸುರಂಗದಾಚೆಯ ರಸ್ತೆಯನ್ನೂ ಕಿತ್ತೊಯ್ದಿತು. ಆಗ ಕಣಿವೆಯ ಊರುಗಳಿಗೆ ಆಸರೆಯಾದದ್ದು 1928ರಲ್ಲಿ ಪೂರ್ಣಗೊಂಡಿದ್ದ, ಯುದ್ಧದಲ್ಲಿ ಹಾಳಾಗಿ 1979ರಲ್ಲಿ ಮತ್ತೆ ತೆರೆದ ಹಳೆಯ ರೈಲುದಾರಿ. ಮೋಟಾರು ಸಂಚಾರ ಈ ಘಟ್ಟದಲ್ಲಿ ಪುನಃ ಆರಂಭವಾದದ್ದು 2025ರ ಜೂನ್‌ನಲ್ಲಿ, ಹೊಸ ಸುರಂಗದ ಮೂಲಕ, ಗೊತ್ತುಪಡಿಸಿದ ವೇಳೆಗಳಲ್ಲಿ. ಆದ್ದರಿಂದ ಹೊರಡುವ ಮುನ್ನ ವೇಳೆಯನ್ನು ವಿಚಾರಿಸಿಕೊಳ್ಳಿ. ಅರ್ಧ ದಿನ ಘಟ್ಟದ ಬುಡದಲ್ಲಿ ಕಾಯುವ ವಿನೋದ ಬೇಡ.

ಲಾ ಬ್ರೀಗ್ ಹತ್ತಿರದ ಚಿಲುಮೆಗಳ ಮಾತೆಯ ಗುಡಿಯನ್ನು ಬಿಡಬೇಡಿ. 1492ರಲ್ಲಿ ಕನವೇಸಿಯೊ ಬರೆದ ಭಿತ್ತಿಚಿತ್ರಗಳು ಅದರ ಗೋಡೆಗಳ ಮೇಲಿವೆ. ಬ್ರೇಯ್ ಊರಿನಲ್ಲಿ ದಾರಿ ಕವಲಾಗುತ್ತದೆ. ನದಿಯ ಜೊತೆಗೇ ಇಳಿದರೆ ಮತ್ತೆ ಇಟಲಿ, ವೆಂಟಿಮಿಲ್ಯದಲ್ಲಿ ಕಡಲು. ಆಲ್ಬಾದಿಂದ ಅಲ್ಲಿಗೆ ಒಟ್ಟು 150 ಕಿಲೋಮೀಟರಿನಷ್ಟು. ಹೆಚ್ಚಿನವರು ಹಿಡಿಯುವುದು ಇದನ್ನೇ. ನನ್ನ ಸಲಹೆ ಬೇರೆ: ಬಲಕ್ಕೆ ತಿರುಗಿ, ಬ್ರೂಯಿ ಕಣಿವೆಬಾಯಿಯನ್ನು ದಾಟಿ ಸೊಸ್ಪೆಲ್ ಸೇರಿ. ಅಲ್ಲಿನ ಹಳೆಯ ಸೇತುವೆಯ ನಡುವೆ ಗೋಪುರವೊಂದಿದೆ, ಸುಂಕ ವಸೂಲಿಯ ಕಟ್ಟೆ. ಯುದ್ಧದಲ್ಲಿ ಒಡೆದುದನ್ನು ತಿರುಗಿ ಕಟ್ಟಿದ್ದಾರೆ. ಮುಂದೆ ಬ್ರೋಸ್ ಎಂಬ ಇನ್ನೊಂದು ಏರು, ಸುಮಾರು 1,000 ಮೀಟರು. ಹೇಸರಗತ್ತೆಗಳು ಉಪ್ಪು ಹೊತ್ತು ಬಂದದ್ದು ಇದೇ ಬೆನ್ನೇಣಿಯ ಮೇಲೆ. ಅಲ್ಲಿಂದ ಸುತ್ತುಸುತ್ತಾಗಿ ಇಳಿದು ಲೆಸ್ಕರೆನ್ ಹಳ್ಳಿಯ ಹತ್ತಿರ ಬಂದಾಗ ವಾಹನವನ್ನು ನಿಲ್ಲಿಸಿ, ಸುತ್ತ ನೋಡಿ. ಬೂದುಬಣ್ಣದ ಎಲೆಯ ಆಲಿವ್ ಮರಗಳು ಇಕ್ಕೆಲದಲ್ಲಿಯೂ ನಿಂತಿರುತ್ತವೆ. ಇನ್ನು ಇಪ್ಪತ್ತು ಕಿಲೋಮೀಟರಿನಲ್ಲಿ ನೀಸ್ ಬಂದರು.