ವೈರಿಗೆ ಗೇಟು ತೆರೆದ ಒಪ್ಪಂದ

ಅಣ್ವಸ್ತ್ರ ನಿಯಂತ್ರಣದ ಚರಿತ್ರೆ ಎಂದಾಗ ನಮಗೆ ಮೊದಲು ನೆನಪಾಗುವುದು ನಾಯಕರ ಭೇಟಿ, ಸಹಿ, ಹಸ್ತಲಾಘವ. 1987ರ ಡಿಸೆಂಬರ್ 8ರಂದು ವಾಷಿಂಗ್ಟನ್ನಿನಲ್ಲಿ ರೊನಾಲ್ಡ್ ರೇಗನ್ ಮತ್ತು ಮಿಖಾಯಿಲ್ ಗೊರ್ಬಚೆವ್ ಸಹಿ ಹಾಕಿದ ಐಎನ್‌ಎಫ್ ಒಪ್ಪಂದವನ್ನೂ ಹಾಗೆಯೇ ನೆನೆಯುತ್ತೇವೆ. 500ರಿಂದ 5,500 ಕಿಲೋಮೀಟರ್ ದೂರ ಸಾಗಬಲ್ಲ, ನೆಲದಿಂದ ಹಾರಿಸುವ ಕ್ಷಿಪಣಿಗಳನ್ನು ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡೂ ಒಂದನ್ನೂ ಉಳಿಸಿಕೊಳ್ಳದೆ ನಾಶಮಾಡಬೇಕೆಂದು ಅದು ವಿಧಿಸಿತು. ಅದಕ್ಕೆ ಮುಂಚೆ ಈ ಎರಡು ದೇಶಗಳ ಒಪ್ಪಂದಗಳು ಸಂಖ್ಯೆಗೆ ಮಿತಿ ಹಾಕಿದ್ದವೇ ಹೊರತು ಒಂದು ಇಡೀ ಬಗೆಯ ಕ್ಷಿಪಣಿಯನ್ನು ಇಲ್ಲವಾಗಿಸಿರಲಿಲ್ಲ. ಇಷ್ಟು ದೊಡ್ಡ ಮಾತು ಕಾಗದದಲ್ಲೇ ಉಳಿಯದೆ ನಡೆದುಹೋದದ್ದು ಹೇಗೆ? ಎದುರಾಳಿಯನ್ನು ತನ್ನ ಕಾರ್ಖಾನೆಯ ಗೇಟಿನವರೆಗೆ ಬಿಟ್ಟುಕೊಂಡು, ಅವನ ಕಣ್ಣೆದುರೇ ಲೆಕ್ಕ ಒಪ್ಪಿಸುವ ಪದ್ಧತಿಯಿಂದ ಎಂಬುದು ನನ್ನ ವಾದ.

ಆ ಪದ್ಧತಿ ಸುಲಭವಾಗಿ ಬಂದದ್ದಲ್ಲ. ಎಲ್ಲ ಬಗೆಯ ಅಣುಪರೀಕ್ಷೆಗಳನ್ನೂ ನಿಷೇಧಿಸುವ ಮಾತುಕತೆ 1963ರಲ್ಲಿ ಮುರಿದುಬಿದ್ದದ್ದು ಇದೇ ಪ್ರಶ್ನೆಯ ಮೇಲೆ. ನೆಲದ ಕಂಪನ ಭೂಕಂಪದ್ದೋ ಬಾಂಬಿನದ್ದೋ ಎಂದು ಸ್ಥಳಕ್ಕೇ ಹೋಗಿ ನೋಡಲು ಅಮೆರಿಕ ವರ್ಷಕ್ಕೆ ಏಳು ತಪಾಸಣೆಗಳನ್ನು ಕೇಳಿತು. ಸೋವಿಯತ್ ನಾಯಕ ಕ್ರುಶ್ಚೆವ್ ಎರಡು-ಮೂರಕ್ಕಿಂತ ಮೇಲೆ ಏರಲಿಲ್ಲ. ತಪಾಸಣೆಯ ನೆಪದಲ್ಲಿ ಬೇಹುಗಾರರು ಒಳನುಗ್ಗುತ್ತಾರೆ ಎಂಬುದು ಮಾಸ್ಕೋದ ಭಯ. ಕೊನೆಗೆ ಆ ವರ್ಷದ ಆಗಸ್ಟಿನಲ್ಲಿ ಆದದ್ದು ಅರ್ಧ ಒಪ್ಪಂದ: ವಾತಾವರಣ, ಬಾಹ್ಯಾಕಾಶ ಮತ್ತು ನೀರಿನಡಿ ಪರೀಕ್ಷೆಗೆ ನಿಷೇಧ, ನೆಲದಡಿ ಮುಕ್ತ. ಮುಂದಿನ ದಶಕಗಳಲ್ಲಿ ನೂರಾರು ಬಾಂಬುಗಳು ನೆಲದಡಿ ಸಿಡಿದವು. ಕ್ಷಿಪಣಿಗಳ ಸಂಖ್ಯೆಗೆ ಮಿತಿ ಹಾಕಿದ 1972ರ ಸಾಲ್ಟ್ ಒಪ್ಪಂದವೂ ತಪಾಸಣೆಗೆ ಮುಖ್ಯವಾಗಿ ಉಪಗ್ರಹಗಳನ್ನೇ ನೆಚ್ಚಿಕೊಂಡಿತ್ತು.

ಉಪಗ್ರಹಕ್ಕೆ ಛಾವಣಿಯ ಕೆಳಗೇನಿದೆ ಎಂಬುದು ಕಾಣುವುದಿಲ್ಲ. ಇದರ ತೊಡಕು ಎದ್ದು ಕಂಡದ್ದು ವೋಟ್ಕಿನ್ಸ್ಕ್‌ನಲ್ಲಿ. ರಷ್ಯಾದ ಉದ್ಮೂರ್ತಿಯಾದಲ್ಲಿರುವ, ಸಂಗೀತಕಾರ ಚೈಕೋವ್‌ಸ್ಕಿ ಹುಟ್ಟಿದ ಈ ಊರಿನ ಕಾರ್ಖಾನೆಯಲ್ಲಿ ನಿಷೇಧಕ್ಕೊಳಗಾದ ಎಸ್‌ಎಸ್-20 ಕ್ಷಿಪಣಿಯೂ ತಯಾರಾಗಿತ್ತು, ನಿಷೇಧವಿಲ್ಲದ ಎಸ್‌ಎಸ್-25 ಖಂಡಾಂತರ ಕ್ಷಿಪಣಿಯೂ ತಯಾರಾಗುತ್ತಿತ್ತು. ಎರಡರಲ್ಲೂ ಒಂದು ಹಂತ ಹೊರನೋಟಕ್ಕೆ ಒಂದೇ ತೆರನಾಗಿತ್ತು. ಹೀಗಾಗಿ ವಿದೇಶಿಯರಿಗೆ ಪ್ರವೇಶವೇ ಇರದಿದ್ದ ಈ ಊರಿನಲ್ಲಿ 1988ರ ಜುಲೈಯಿಂದ ಗರಿಷ್ಠ 30 ಅಮೆರಿಕನ್ನರು ನೆಲೆಸಿ, ಕಾರ್ಖಾನೆಯ ಗೇಟನ್ನು ಹಗಲಿರುಳು ಕಾದರು. ಕ್ಷಿಪಣಿ ಹಿಡಿಸುವಷ್ಟು ಉದ್ದದ ರೈಲು ವ್ಯಾಗನ್ ಹೊರಬಿದ್ದರೆ ಅದನ್ನು ಅಳೆಯುತ್ತಿದ್ದರು. ಕೊಳವೆಯೊಳಗಿನ ಕ್ಷಿಪಣಿಯ ಗುರುತು ಹಿಡಿಯಲು ಭಾರೀ ಎಕ್ಸ್-ರೇ ಯಂತ್ರವನ್ನೂ ತಂದರು. ಇದಕ್ಕೆ ಪ್ರತಿಯಾಗಿ ಅಮೆರಿಕದ ಯೂಟಾ ರಾಜ್ಯದ ಮ್ಯಾಗ್ನಾದಲ್ಲಿ ಸೋವಿಯತ್ ತಪಾಸಕರು ಅಷ್ಟೇ ಹಕ್ಕಿನಿಂದ ಕುಳಿತರು. 1991ರ ಮೇ ಮುಗಿಯುವಷ್ಟರಲ್ಲಿ 2,692 ಕ್ಷಿಪಣಿಗಳು ಸುಟ್ಟು, ಸಿಡಿದು, ಜಜ್ಜಿ ನಾಶವಾದವು. ಅವುಗಳಲ್ಲಿ 1,846 ಸೋವಿಯತ್ತಿನವು, 846 ಅಮೆರಿಕದವು.

ಗೊರ್ಬಚೆವ್ ಬಂದು ರಾಜಕೀಯ ಬದಲಾದ್ದರಿಂದ ಗೇಟು ತೆರೆಯಿತು, ತಪಾಸಣೆ ನಂಬಿಕೆಯ ಫಲವೇ ಹೊರತು ಕಾರಣವಲ್ಲ ಎಂದು ಆಕ್ಷೇಪಿಸಬಹುದು. ಬಾಗಿಲು ತೆರೆಯಲು ರಾಜಕೀಯ ಮನಸ್ಸು ಬೇಕು ಎಂಬುದು ನಿಜ. ಆದರೆ ಒಳಗೆ ನಂಬಿಕೆ ತುಂಬಿ ತುಳುಕುತ್ತಿರಲಿಲ್ಲ. 1990ರ ಮಾರ್ಚಿನಲ್ಲಿ ಆ ಎಕ್ಸ್-ರೇ ಯಂತ್ರದ ವಿಷಯಕ್ಕೇ ಜಗಳ ಹುಟ್ಟಿ, ಅಮೆರಿಕನ್ನರ ವಿರೋಧದ ನಡುವೆಯೇ ಕೆಲವು ಕ್ಷಿಪಣಿಗಳು ಪರೀಕ್ಷೆಯಿಲ್ಲದೆ ಗೇಟು ದಾಟಿದವು. ಒಪ್ಪಂದ ಮುರಿಯಲಿಲ್ಲ, ಮಾತುಕತೆಯಲ್ಲಿ ಬಗೆಹರಿಯಿತು. ಅನುಮಾನ ಎಲ್ಲಿ, ಯಾವ ವ್ಯಾಗನ್ನಿನ ಮೇಲೆ ಎಂಬುದು ಇಬ್ಬರಿಗೂ ಸ್ಪಷ್ಟವಿದ್ದಾಗ ಜಗಳಕ್ಕೂ ಒಂದು ಮೇರೆ ಇರುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ನಾಶವಾದದ್ದು ಕ್ಷಿಪಣಿ, ಸಿಡಿತಲೆಯೊಳಗಿನ ಅಣುಸಾಮಗ್ರಿಯನ್ನು ತೆಗೆದಿಟ್ಟುಕೊಳ್ಳಲು ಒಪ್ಪಂದವೇ ಅವಕಾಶ ಕೊಟ್ಟಿತ್ತು. ಅದು ಸರಿ. ಆದರೂ ಕೆಲವೇ ನಿಮಿಷಗಳಲ್ಲಿ ಯುರೋಪಿನ ನಗರಗಳನ್ನು ಮುಟ್ಟಬಲ್ಲ ವಾಹನವೇ ಇಲ್ಲವಾದದ್ದು ಸಣ್ಣ ಲಾಭವಲ್ಲ.

ಕೊನೆಗೆ ಈ ಒಪ್ಪಂದವೂ ಸತ್ತಿತಲ್ಲ ಎನ್ನುವವರಿಗೆ ಅದು ಸತ್ತ ಬಗೆಯೇ ಉತ್ತರ. ಐಎನ್‌ಎಫ್ ತಪಾಸಣೆಯ ಅವಧಿ 13 ವರ್ಷ. 2001ರ ಮೇ 31ಕ್ಕೆ ಅದು ಮುಗಿಯಿತು. ರಷ್ಯಾ ನಿಷಿದ್ಧ ಕ್ಷಿಪಣಿಯನ್ನು ಪರೀಕ್ಷಿಸಿದೆ ಎಂದು 2014ರಲ್ಲಿ ಅಮೆರಿಕ ಬಹಿರಂಗವಾಗಿ ಆರೋಪಿಸಿತು. ರುಮೇನಿಯಾದಲ್ಲಿ ಅಮೆರಿಕ ಇಟ್ಟಿರುವ ಉಡಾವಣಾ ವ್ಯವಸ್ಥೆಯೇ ಒಪ್ಪಂದಕ್ಕೆ ವಿರುದ್ಧ ಎಂದು ರಷ್ಯಾ ತಿರುಗಿ ಆರೋಪಿಸಿತು. ಆ ಹೊತ್ತಿಗೆ ಈ ಒಪ್ಪಂದದಡಿ ಹೋಗಿ ನೋಡುವ ಹಕ್ಕು ಇಬ್ಬರಿಗೂ ಉಳಿದಿರಲಿಲ್ಲ. 2019ರ ಆಗಸ್ಟ್ 2ರಂದು ಅಮೆರಿಕ ಹೊರನಡೆಯಿತು. ತಪಾಸಣೆ ಇದ್ದಿದ್ದರೆ ಒಪ್ಪಂದ ಖಂಡಿತ ಉಳಿಯುತ್ತಿತ್ತು ಎನ್ನಲಾಗದು. ಅದಿಲ್ಲದೆ ಆರೋಪಗಳು ಆರೋಪಗಳಾಗಿಯೇ ಉಳಿದವು ಎನ್ನಬಹುದು.

ನಮ್ಮ ಉಪಖಂಡಕ್ಕೂ ಇದರಲ್ಲಿ ಪಾಠವಿದೆ. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಭಾರತ-ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಪ್ಪಿದವು. 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತಿವೆ. ಯುದ್ಧದ ಮಾತು ಕಾವೇರಿದ ವರ್ಷಗಳಲ್ಲೂ ಈ ಪದ್ಧತಿ ತಪ್ಪಿಲ್ಲವೆಂಬುದು ಹೆಮ್ಮೆಯ ಸಂಗತಿ. ಆದರೆ ಪಟ್ಟಿ ಸರಿಯೇ ಎಂದು ಹೋಗಿ ನೋಡುವ ಏರ್ಪಾಡು ಅದರಲ್ಲಿಲ್ಲ. ಸ್ನೇಹ ಬೆಳೆದ ಮೇಲೆ ಬಾಗಿಲು ತೆರೆಯೋಣ ಎಂದು ಕಾಯುವ ದೇಶಗಳು ಕಾಯುತ್ತಲೇ ಇರುತ್ತವೆ. ಅನುಮಾನ ಇರುವಾಗಲೇ ತಪಾಸಣೆಗೆ ಒಪ್ಪಬೇಕು, ಅದಕ್ಕೆ ಕೊನೆಯ ದಿನಾಂಕವನ್ನೂ ಇಡಬಾರದು. ಮುಂದೆ ಯಾವ ಅಣ್ವಸ್ತ್ರ ಒಪ್ಪಂದದ ಸುದ್ದಿ ಬಂದರೂ ಓದುಗರು ಕೇಳಬೇಕಾದ ಮೊದಲ ಪ್ರಶ್ನೆ: ಪರೀಕ್ಷಿಸುವವರು ಯಾರು, ಎಲ್ಲಿಯವರೆಗೆ?