ಅಮೆರಿಕಾದ ಆಕೃತಿ-ಸ್ವರಲಿಪಿ

ಅಮೆರಿಕಾದ ಗ್ರಾಮಗಳಲ್ಲಿ ದೇವಸ್ತುತಿಗಳನ್ನು ಹಾಡುತ್ತಿದ್ದ ಸಾಮಾನ್ಯಜನರಿಗೆ ಪಾಶ್ಚಾತ್ಯ ಸ್ವರಲಿಪಿಯು ದುರ್ಬೋಧವಾಗಿದ್ದಿತು. ಪಂಚರೇಖೆಗಳಲ್ಲಿ ಬಿಂದುವಿನ ಸ್ಥಾನವು ನಾದದ ಎತ್ತರವನ್ನು ಸೂಚಿಸುವುದಾದರೂ, ಶ್ರುತಿಯು ಬದಲಾದೊಡನೆ ಅದೇ ಸ್ಥಾನದಲ್ಲಿ ಬೇರೊಂದು ಸ್ವರವು ನಿಲ್ಲುವುದೇ ಇದಕ್ಕೆ ಕಾರಣವು.

ಈ ತೊಡಕಿಗೆ ವಿಲಿಯಂ ಲಿಟಲ್, ವಿಲಿಯಂ ಸ್ಮಿತ್ ಎಂಬಿಬ್ಬರು 1801ರಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರಕಟವಾದ ‘ದಿ ಈಸಿ ಇನ್‌ಸ್ಟ್ರಕ್ಟರ್’ ಎಂಬ ಗ್ರಂಥದಲ್ಲಿ ಪರಿಹಾರವನ್ನು ತೋರಿಸಿದರು. ಸಪ್ತಸ್ವರಗಳನ್ನು ಫ, ಸೋಲ್, ಲ, ಫ, ಸೋಲ್, ಲ, ಮಿ ಎಂದು ನಾಲ್ಕೇ ಅಕ್ಷರಗಳಿಂದ ಉಚ್ಚರಿಸುವ ಪದ್ಧತಿಯು ಇಂಗ್ಲೆಂಡಿನಿಂದ ಬಂದು ಅಲ್ಲಿನ ಗಾನಶಾಲೆಗಳಲ್ಲಿ ಮೊದಲೇ ರೂಢವಾಗಿದ್ದಿತು. ಫ-ಸೋಲ್-ಲಗಳ ಅಂತರಗಳು ಎರಡೆಡೆಯಲ್ಲಿಯೂ ಸಮವಾದುದರಿಂದ ಪುನರುಕ್ತಿಯು ದೋಷವಾಗಲಿಲ್ಲ. ಈ ಗ್ರಂಥಕಾರರು ಫಕಾರಕ್ಕೆ ತ್ರಿಕೋಣ, ಸೋಲಿಗೆ ವೃತ್ತ, ಲಕಾರಕ್ಕೆ ಚೌಕ, ಮಿಕಾರಕ್ಕೆ ವಜ್ರಾಕೃತಿ ಎಂದು ನಿಯಮಿಸಿದರು. ರೇಖಾಸ್ಥಾನವು ಹಾಗೆಯೇ ಉಳಿಯಿತು. ಆಕೃತಿಯು ಸ್ವರದ ಹೆಸರನ್ನು ಹೇಳಿತು. ನಮ್ಮ ಸರಿಗಮಗಳಲ್ಲಿರುವಂತೆ ಇಲ್ಲಿಯೂ ಸ್ವರಗಳ ಪರಸ್ಪರ ಸಂಬಂಧವೇ ಪ್ರಧಾನವು.

ಬಾಸ್ಟನ್ನಿನ ಲೋವೆಲ್ ಮೇಸನ್ ಮೊದಲಾದ ಸುಧಾರಕರು ಯೂರೋಪಿನ ಮಾರ್ಗವನ್ನೇ ಆದರ್ಶವಾಗಿಟ್ಟುಕೊಂಡರಾಗಿ ಉತ್ತರದ ನಗರಗಳಲ್ಲಿ ಈ ಲಿಪಿಯು ಕ್ಷೀಣಿಸಿತು. ದಕ್ಷಿಣದ ಹಳ್ಳಿಗರಾದರೋ ಅದನ್ನು ಬಿಡಲಿಲ್ಲ. ಜಾರ್ಜಿಯಾದ ಬಿ. ಎಫ್. ವೈಟ್, ಇ. ಜೆ. ಕಿಂಗ್ ಇವರು 1844ರಲ್ಲಿ ಸಂಕಲಿಸಿದ ‘ದಿ ಸೇಕ್ರೆಡ್ ಹಾರ್ಪ್’ ಎಂಬ ಗ್ರಂಥವನ್ನು ಹಿಡಿದು ಇಂದಿಗೂ ಗಾಯಕರು ಚೌಕವಾಗಿ ಕುಳಿತು, ಮೊದಲು ಸ್ವರಾಕ್ಷರಗಳನ್ನೂ ಅನಂತರ ಸಾಹಿತ್ಯವನ್ನೂ ಹಾಡುವರು. ಬಾಲಬೋಧೆಗೆಂದು ಹುಟ್ಟಿದ ಉಪಾಯವೇ ಹೀಗೆ ಸಂಪ್ರದಾಯಕ್ಕೆ ಆಶ್ರಯವಾಯಿತು.